ಓದುಗರ ಪ್ರಶ್ನೆ: ಪಾರ್ಕಿನ ನಕ್ಷೆ ತೋಡಿನಿಂದ ಶುರುವಾಗಲಿ

ಮಂಗಳೂರು–ಉಡುಪಿ ನಡುವಿನ ಊರುಗಳಲ್ಲಿ ಮುಂದಿನ 25 ವರ್ಷಕ್ಕೆ ಪಾರ್ಕು, ಮೈದಾನ, ಕೆರೆದಂಡೆ, ಕಡಲಬದಿ ಹೇಗಿರಬೇಕು ಎಂದು ಕೇಳಿ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ವಿಷಯದ ಪತ್ರಗಳನ್ನು ಸೇರಿಸಿ ಒಂದೇ ಪ್ರಶ್ನೆ ಮಾಡಿದ್ದೇವೆ. ಉತ್ತರಿಸಿದವರು ನಗರ ಯೋಜನೆ, ತೋಟಗಾರಿಕೆ ಮತ್ತು ಸಿವಿಲ್ ಕೆಲಸ ಬಲ್ಲವರು.

ನಗರದೊಳಗೆ ಕದ್ರಿ ಪಾರ್ಕ್ ಉಂಟು, ಹೊರಗೆ ಪಿಲಿಕುಳ ಉಂಟು, ತಣ್ಣೀರುಬಾವಿಯಲ್ಲಿ ಟ್ರೀ ಪಾರ್ಕ್ ಉಂಟು. ಇಷ್ಟೆಲ್ಲ ಇರುವಾಗ "ಪಾರ್ಕ್ ವ್ಯವಸ್ಥೆ" ಎಂದು ಬೇರೆಯೇ ಯೋಜನೆ ಯಾಕೆ? ಇನ್ನೆರಡು ಪಾರ್ಕ್ ಮಾಡಿದರೆ ಸಾಲದೇ?
— ಓದುಗರು, ಕಾವೂರು

ಮೊದಲು ಒಂದು ಸಣ್ಣ ಲೆಕ್ಕ ನೋಡಿ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2014ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ನಗರದಲ್ಲಿ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಬೇಕು. ಮಂಗಳೂರಿನ ಜನಸಂಖ್ಯೆಯನ್ನು 5 ಲಕ್ಷ ಎಂದು ಹಿಡಿದು, ತಲೆಗೆ 10 ಚದರ ಮೀಟರ್ ಎಂದರೆ 50 ಲಕ್ಷ ಚದರ ಮೀಟರ್, ಅಂದರೆ 500 ಹೆಕ್ಟೇರ್, ಸುಮಾರು 1,235 ಎಕರೆ. ಪಿಲಿಕುಳ ಸುಮಾರು 370 ಎಕರೆಯ ಜಾಗ. ಅದನ್ನು ಪೂರ್ತಿ ಲೆಕ್ಕಕ್ಕೆ ಹಿಡಿದರೂ ಬೇಕಾದದ್ದರ ಮೂರನೇ ಒಂದು ಭಾಗ ಮುಟ್ಟುವುದಿಲ್ಲ. ಮೇಲಾಗಿ ಅದು ಮೂಡುಶೆಡ್ಡೆಯಲ್ಲಿದೆ. ಸಂಜೆ ಆರಕ್ಕೆ ಚಪ್ಪಲಿ ಹಾಕಿಕೊಂಡು ಹೋಗಿ ಬರುವ ಜಾಗ ಅಲ್ಲ.

ಹಾಗಾಗಿ ಮೂರು ಬಗೆಯ ಜಾಗ ಬೇಕು. ಮನೆಯಿಂದ ಐದು ನಿಮಿಷ ನಡೆದರೆ ಸಿಗುವ, ಕಾಲು ಎಕರೆಯಾದರೂ ಇರುವ ಚಿಕ್ಕ ಪಾರ್ಕ್ ಒಂದು. ಮಕ್ಕಳು ಕ್ರಿಕೆಟ್, ವಾಲಿಬಾಲ್ ಆಡಲು ಎರಡು ಮೂರು ವಾರ್ಡಿಗೆ ಒಂದು ಮೈದಾನ. ಅದರ ಮೇಲೆ ಪಿಲಿಕುಳದಂಥ ದೊಡ್ಡ ಜಾಗ. ನಮ್ಮಲ್ಲಿ ಮೂರನೆಯದಕ್ಕೆ ಸುದ್ದಿ ಜಾಸ್ತಿ, ಮೊದಲನೆಯದಕ್ಕೆ ಕೊರತೆ ಜಾಸ್ತಿ.

ಐದು ನಿಮಿಷದ ನಡಿಗೆ ಅಂದರೆ ಸುಮಾರು 400 ಮೀಟರ್. ನಕ್ಷೆಯ ಮೇಲೆ ಕೈವಾರದಿಂದ 400 ಮೀಟರಿನ ವೃತ್ತ ಎಳೆದು, ಒಳಗಿನ ಮನೆಗಳಿಗೆಲ್ಲ ಪಾರ್ಕ್ ಸಿಕ್ಕಿತು ಎಂದು ಬರೆಯುವ ಅಭ್ಯಾಸ ಬಿಡಬೇಕು. ರಾಷ್ಟ್ರೀಯ ಹೆದ್ದಾರಿ 66ರ ಆಚೆ ಬದಿಯ ಮನೆ ವೃತ್ತದ ಒಳಗೇ ಇರುತ್ತದೆ. ಆದರೆ ಆ ಮನೆಯ ಅಜ್ಜಿ ಯೂಟರ್ನ್ ಇರುವಲ್ಲಿಗೆ ನಡೆದು, ದಾಟಿ, ವಾಪಸು ಬರುವಾಗ ಒಂದೂವರೆ ಕಿಲೋಮೀಟರ್ ಆಗಿರುತ್ತದೆ. ರಸ್ತೆಯಲ್ಲಿ ನಡೆಯುವ ದೂರವನ್ನೇ ಅಳೆಯಬೇಕು. ಹಾಗೆ ಅಳೆದಾಗ ಬಣ್ಣ ತುಂಬದೆ ಉಳಿಯುವ ಜಾಗಗಳೇ ಮುಂದಿನ ಪಾರ್ಕುಗಳ ಪಟ್ಟಿ.

ಇನ್ನು "ವ್ಯವಸ್ಥೆ" ಎಂಬ ಮಾತು. ಕರಾವಳಿಯ ನೆಲಕ್ಕೆ ತನ್ನದೇ ಏರಿಳಿತ ಇದೆ. ಗುಡ್ಡದ ತಲೆಯಲ್ಲಿ ಮುರಕಲ್ಲು (ಕೆಂಪು ಜಂಬಿಟ್ಟಿಗೆ), ಅದರ ಕೆಳಗೆ ಎತ್ತರದ ಗದ್ದೆ ಬೆಟ್ಟು, ನಡುವಿನದು ಮಜಲು, ತಳದಲ್ಲಿ ತಗ್ಗಿನ ಗದ್ದೆ ಬೈಲು, ಬೈಲಿನ ನಡುವೆ ತೋಡು, ಅಂದರೆ ಮಳೆನೀರು ಹರಿಯುವ ಸಣ್ಣ ಹಳ್ಳ. ಮೇಲೆ ಬಿದ್ದ ಮಳೆ ಈ ದಾರಿಯಲ್ಲೇ ಇಳಿಯುತ್ತದೆ. 100 ಮಿಲಿಮೀಟರ್ ಮಳೆ ಬಿದ್ದ ದಿನ ಒಂದು ಎಕರೆ ಜಾಗದ ಮೇಲೆ 4 ಲಕ್ಷ ಲೀಟರ್ ನೀರು ಬಿದ್ದಿರುತ್ತದೆ. ಜುಲೈಯಲ್ಲಿ ಇಂಥ ದಿನ ನಮಗೆ ಹೊಸದೇನಲ್ಲ. ಒಂದು ಅಡಿ ಎತ್ತರದ ಹುಣಿ (ಬದು) ಇರುವ ಒಂದು ಎಕರೆ ಬೈಲುಗದ್ದೆಯಲ್ಲಿ ಮೊದಲೇ 10 ಸೆಂಟಿಮೀಟರ್ ನೀರು ನಿಂತಿದ್ದರೂ ಇನ್ನೂ 8 ಲಕ್ಷ ಲೀಟರ್ ಹಿಡಿಯುತ್ತದೆ. ಅದೇ ಗದ್ದೆಗೆ ಕೆಂಪು ಮಣ್ಣು ತುಂಬಿಸಿ ಸೈಟ್ ಮಾಡಿದರೆ ಆ 8 ಲಕ್ಷ ಲೀಟರ್ ಕೆಳಗಿನವರ ಮನೆಗೆ ಹೋಗುತ್ತದೆ. 2018ರ ಮೇ 29ರಂದು ಮಂಗಳೂರು, 2020ರ ಸೆಪ್ಟೆಂಬರಿನಲ್ಲಿ ಉಡುಪಿ ಮುಳುಗಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಪಾರ್ಕುಗಳನ್ನು ಜೋಡಿಸುವ ಬೆನ್ನೆಲುಬು ರಸ್ತೆಯಲ್ಲ, ತೋಡು. ತೋಡಿನ ಎರಡೂ ಬದಿ ಜಾಗ ಉಳಿಸಿಕೊಂಡರೆ ನೀರಿಗೆ ದಾರಿ ಸಿಗುತ್ತದೆ, ಜನರಿಗೆ ನೆರಳಿನಲ್ಲಿ ನಡೆಯುವ ಹಾದಿ ಸಿಗುತ್ತದೆ, ಚಿಕ್ಕ ಪಾರ್ಕಿನಿಂದ ಮೈದಾನಕ್ಕೆ, ಮೈದಾನದಿಂದ ಹೊಳೆಬದಿಗೆ ಕೊಂಡಿ ಸಿಗುತ್ತದೆ. ಇನ್ನೆರಡು ಗೇಟು, ಎರಡು ಕಾರಂಜಿ ಮಾಡಿದರೆ ಇದು ಆಗುವುದಿಲ್ಲ.

ನಮ್ಮೂರು ಎರಡು ಜಿಲ್ಲೆಗಳ ಗಡಿಯಲ್ಲಿದೆ. ಶಾಂಭವಿ ಹೊಳೆಯ ಈಚೆ ಉಡುಪಿ, ಆಚೆ ದಕ್ಷಿಣ ಕನ್ನಡ. ಇಂಥ ಯೋಜನೆಯನ್ನು ಯಾರು, ಎಲ್ಲಿಂದ ಶುರು ಮಾಡುವುದು?
— ಯುವಕ ಮಂಡಲದ ಸದಸ್ಯರು, ಹೆಜಮಾಡಿ

1997ರಲ್ಲಿ ಜಿಲ್ಲೆ ಎರಡಾಯಿತು, ಹೊಳೆ ಎರಡಾಗಲಿಲ್ಲ. ಒಂದು ದಂಡೆಯನ್ನು ಕಲ್ಲು ಕಟ್ಟಿ ಗಟ್ಟಿ ಮಾಡಿದರೆ ನೆರೆಯ ಒತ್ತಡ ಎದುರು ದಂಡೆಗೆ ಬೀಳುತ್ತದೆ. ಹಾಗಾಗಿ ಹೊಳೆಬದಿಯ ನಕ್ಷೆಯನ್ನು ಎರಡೂ ಕಡೆಯವರು ಒಂದೇ ಹಾಳೆಯಲ್ಲಿ ಬರೆಯಬೇಕು. ಜಿಲ್ಲಾ ಯೋಜನಾ ಸಮಿತಿಗಳು, ನಗರ ಯೋಜನಾ ಪ್ರಾಧಿಕಾರಗಳು, ಪಂಚಾಯತುಗಳು ತಮ್ಮ ತಮ್ಮ ಮಿತಿಯಲ್ಲಿ ಅದನ್ನೇ ಅಂಗೀಕರಿಸಲಿ. ಹೊಸ ಪ್ರಾಧಿಕಾರ ಬರಲಿ ಎಂದು ಕಾಯುತ್ತ ಕೂತರೆ ಅಷ್ಟರಲ್ಲಿ ಜಾಗ ಉಳಿಯುವುದಿಲ್ಲ.

ಶುರು ಮಾಡುವುದು ಜಾಗದ ರಿಜಿಸ್ಟರಿನಿಂದ. ವಿನ್ಯಾಸದ ಚಿತ್ರ ಆಮೇಲೆ. ಪ್ರತಿ ತುಂಡಿಗೆ ಒಂದು ಹಾಳೆ ಇಡಿ. ಅದರಲ್ಲಿ ಸರ್ವೆ ನಂಬರ್, ಪಹಣಿಯಲ್ಲಿ ಯಾರ ಹೆಸರು, ಎಷ್ಟು ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ಜಾಗ) ಇದ್ದರೆ ಎ ಖರಾಬೋ, ಸಾರ್ವಜನಿಕ ಬಳಕೆಯ ಬಿ ಖರಾಬೋ, ಎಫ್‌ಎಂಬಿ ನಕ್ಷೆಯ (ಸರ್ವೆಯವರು ಅಳೆದು ಬರೆದ ನಕ್ಷೆಯ) ಪ್ರತಿ, ಜಾಗಕ್ಕೆ ಹೋಗುವ ದಾರಿ ಸರ್ಕಾರಿಯೋ ಖಾಸಗಿಯೋ, ಇಷ್ಟು ಬರೆಯಿರಿ. ತೋಡು ಇದ್ದರೆ ಅದರ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ನಕ್ಷೆಯಲ್ಲಿ 6 ಮೀಟರ್ ಇದ್ದು ನೆಲದ ಮೇಲೆ 2 ಮೀಟರ್ ಉಳಿದಿರುವುದು ಅಪರೂಪವಲ್ಲ.

ಒಂದೇ ಜಾಗವನ್ನು ಎರಡು ಸಲ ನಡೆದು ನೋಡಬೇಕು, ಏಪ್ರಿಲಿನಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ. ಬೇಸಿಗೆಯಲ್ಲಿ ಗಡಿಕಲ್ಲು, ಒತ್ತುವರಿ, ಕಸ ಕಾಣುತ್ತವೆ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ನುಗ್ಗುತ್ತದೆ ಎಂಬುದು ಕಾಣುತ್ತದೆ. ಪಕ್ಕದ ಮನೆಯ ಕಂಪೌಂಡಿನ ಮೇಲೆ ನೆರೆ ಬಿಟ್ಟು ಹೋದ ಕೆಸರಿನ ಗೆರೆ ಇದ್ದರೆ ಟೇಪ್ ಹಿಡಿದು ನೆಲದಿಂದ ಎಷ್ಟು ಎತ್ತರ ಎಂದು ಬರೆದುಕೊಳ್ಳಿ. ಎಂಜಿನಿಯರಿಗೆ ಅದರಷ್ಟು ಉಪಯೋಗದ ಸಂಖ್ಯೆ ಬೇರೆ ಯಾವುದೂ ಇಲ್ಲ.

ಕೆಡುವುದು ಎಲ್ಲೆಲ್ಲಿ ಎಂಬುದನ್ನೂ ಹೇಳಬೇಕು. ಒಂದು, ಕುಮ್ಕಿ. ವರ್ಗ ಜಾಗದ, ಅಂದರೆ ಸ್ವಂತ ಸಾಗುವಳಿ ಜಾಗದ, ಗಡಿಯಿಂದ 100 ಗಜದ ಒಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ ಸವಲತ್ತು ನಮ್ಮ ಜಿಲ್ಲೆಗಳಲ್ಲಿ ಹಿಂದಿನಿಂದ ಬಂದದ್ದು. ಪಹಣಿಯಲ್ಲಿ ಸರ್ಕಾರಿ ಎಂದು ಕಂಡ ಕೂಡಲೇ ಬೇಲಿ ಹಾಕಲು ಹೊರಟರೆ ಮೊದಲ ದಿನವೇ ತಕರಾರು ಏಳುತ್ತದೆ. ಕುಮ್ಕಿದಾರರನ್ನು ಕೂರಿಸಿ ಮಾತಾಡಿ, ಯಾವ ಬಳಕೆ ಮುಂದುವರಿಯುತ್ತದೆ ಎಂದು ಬರೆದುಕೊಂಡ ಮೇಲೆಯೇ ಮುಂದಿನ ಹೆಜ್ಜೆ. ಎರಡು, ಬಡಾವಣೆಯ ಪಾರ್ಕು. ಲೇಔಟ್ ನಕ್ಷೆಯಲ್ಲಿ ಹಸಿರು ಬಣ್ಣ ಇರುತ್ತದೆ, ಆದರೆ ಆ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ನೋಂದಾಯಿತ ಪತ್ರ ಇರುವುದಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಜಾಗ ಮಾರಾಟಕ್ಕೆ ಬರುತ್ತದೆ. ಮೂರು, ಮಾಸ್ಟರ್ ಪ್ಲಾನಿನ ಮೀಸಲು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ, ಪಾರ್ಕಿಗೆಂದು ಗುರುತಿಸಿದ ಖಾಸಗಿ ಜಾಗವನ್ನು ಪ್ಲಾನ್ ಜಾರಿಗೆ ಬಂದ 5 ವರ್ಷದೊಳಗೆ ಸ್ವಾಧೀನ ಮಾಡಿಕೊಳ್ಳದಿದ್ದರೆ ಆ ಮೀಸಲು ಬಿದ್ದುಹೋಗುತ್ತದೆ. ಬಣ್ಣ ಹಚ್ಚಿದರೆ ಸಾಲದು, ಯಾವ ವರ್ಷ ಯಾವ ತುಂಡಿಗೆ ಹಣ ಎಂಬ ಪಟ್ಟಿಯೂ ಪ್ಲಾನಿನ ಜೊತೆಗೇ ಇರಬೇಕು.

ಕೈಗೆ ಬಂದ ಜಾಗವನ್ನು 1985ರ ಪಾರ್ಕು, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಿಸಿ. ಮುಂದೆ ಯಾರಾದರೂ ಬೇರೆ ಬಳಕೆಗೆ ಕೇಳಿದಾಗ ಹಿಡಿದು ನಿಲ್ಲಲು ಅದು ಆಧಾರ. ಬೆಂಗಳೂರಿನ ಬಡಾವಣೆಯೊಂದರ ಪಾರ್ಕ್ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ. ಆಸ್ಪತ್ರೆ ಒಳ್ಳೆಯದೇ, ಆದರೆ ಪಾರ್ಕಿನ ಜಾಗದಲ್ಲಿ ಅಲ್ಲ ಎಂಬುದೇ ಅದರ ತಿರುಳು.

ಪ್ರತಿ ವರ್ಷ ಜೂನ್‌ನಲ್ಲಿ ನೂರು ಸಸಿ ನೆಡುತ್ತೇವೆ. ಮರು ವರ್ಷ ಮೇಗೆ ಹತ್ತು ಹದಿನೈದು ಉಳಿದರೆ ಪುಣ್ಯ. ಎಲ್ಲಿ ತಪ್ಪುತ್ತಿದೆ?
— ಶಿಕ್ಷಕಿ, ಅಜ್ಜರಕಾಡು, ಉಡುಪಿ

ಮೇಡಂ, ನೆಡುವುದರಲ್ಲಿ ಅರ್ಧ ತಪ್ಪು, ನೆಟ್ಟ ಮೇಲೆ ಬಿಡುವುದರಲ್ಲಿ ಇನ್ನರ್ಧ.

ಮುರಕಲ್ಲಿನ ನೆಲದಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು ಸಸಿ ಇಟ್ಟರೆ ಅದು ಕಲ್ಲಿನ ಪಾತ್ರೆಯಲ್ಲಿ ಇಟ್ಟ ಹಾಗೆ. ಮಳೆಗಾಲದಲ್ಲಿ ನೀರು ಇಳಿಯದೆ ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬೇರಿಗೆ ಹೋಗಲು ದಾರಿ ಇಲ್ಲದೆ ಒಣಗುತ್ತದೆ. ಗುಂಡಿ ಉದ್ದ, ಅಗಲ, ಆಳ ಮೂರೂ 90 ಸೆಂಟಿಮೀಟರ್ ಇರಲಿ. ಏಪ್ರಿಲ್–ಮೇಯಲ್ಲೇ ತೆಗೆದಿಡಿ. ತೆಗೆದ ಮೇಲೆ ನಾಲ್ಕು ಕೊಡಪಾನ ನೀರು ಸುರಿದು ಮರುದಿನ ನೋಡಿ. ನೀರು ಹಾಗೇ ನಿಂತಿದ್ದರೆ ಹಾರೆಯಿಂದ ತಳದಲ್ಲಿ ಮೂರು ನಾಲ್ಕು ಕಡೆ ಒಂದೊಂದು ಅಡಿ ತೂತು ಹೊಡೆದು ಮುರಕಲ್ಲಿನ ಪದರ ಒಡೆಯಿರಿ. ಈ ಒಂದು ಪರೀಕ್ಷೆ ಬಿಟ್ಟದ್ದಕ್ಕೇ ಎಷ್ಟೋ ಗಿಡ ಸಾಯುತ್ತವೆ.

ಮೇಲ್ಮಣ್ಣು ಎರಡು ಪಾಲು, ಹಳೆಯ ಹಟ್ಟಿಗೊಬ್ಬರ ಒಂದು ಪಾಲು, ಸ್ವಲ್ಪ ಸುಡುಮಣ್ಣು ಸೇರಿಸಿ ಗುಂಡಿ ತುಂಬಿಸಿ. ಗೊಬ್ಬರ ಹಸಿಯಾಗಿದ್ದರೆ ಬೇರು ಸುಡುತ್ತದೆ, ಗೆದ್ದಲೂ ಬರುತ್ತದೆ. ನರ್ಸರಿಯಿಂದ ತರುವಾಗ ತೊಟ್ಟೆಯ (ಪ್ಲಾಸ್ಟಿಕ್ ಚೀಲದ) ಅಡಿ ನೋಡಿ. ಬೇರು ಸುರುಳಿ ಸುತ್ತಿದ್ದರೆ ಆ ಗಿಡ ಬೇಡ. ತರಲೇಬೇಕಾದರೆ ತೊಟ್ಟೆ ಹರಿದ ಮೇಲೆ ಬೇರಿನ ಮುದ್ದೆಗೆ ಮೇಲಿಂದ ಕೆಳಗೆ ಮೂರು ಕಡೆ ಕತ್ತಿಯಿಂದ ಗೀರಿ. ತೊಟ್ಟೆ ಸಮೇತ ನೆಟ್ಟದ್ದನ್ನೂ ಪಾರ್ಕುಗಳಲ್ಲಿ ಕಾಣಬಹುದು. ಐದು ವರ್ಷ ಚೆನ್ನಾಗಿಯೇ ಇದ್ದ ಮರ ಆರನೇ ಮಳೆಗಾಲದ ಗಾಳಿಗೆ ಬುಡ ಸಮೇತ ಮಲಗುವುದು ಹೀಗೆ. ಬುಡವನ್ನು ಸುತ್ತಲಿನ ನೆಲಕ್ಕಿಂತ 5 ಸೆಂಟಿಮೀಟರ್ ಎತ್ತರಕ್ಕೆ ಕೂರಿಸಿ, ಮಳೆನೀರು ಬುಡದಲ್ಲಿ ನಿಲ್ಲಬಾರದು.

ನಂತರದ್ದು ನೀರಿನ ಲೆಕ್ಕ. ನಮ್ಮಲ್ಲಿ ಡಿಸೆಂಬರಿನಿಂದ ಮೇ ನಡುವಿನವರೆಗೆ ಸುಮಾರು 24 ವಾರ ಮಳೆ ನಂಬುವ ಹಾಗಿಲ್ಲ. ಗಿಡಕ್ಕೆ ವಾರಕ್ಕೆ 25 ಲೀಟರ್ ಎಂದರೆ ನೂರು ಗಿಡಕ್ಕೆ ವಾರಕ್ಕೆ 2,500 ಲೀಟರ್, ಒಂದು ಬೇಸಿಗೆಗೆ 60,000 ಲೀಟರ್. 5,000 ಲೀಟರಿನ ಟ್ಯಾಂಕರ್ 12 ಸಲ ಬರಬೇಕು. ಹೀಗೆ ಮೂರು ಬೇಸಿಗೆ. ಇದಕ್ಕೆ ಹಣವೂ ಆಳೂ ಇಲ್ಲವಾದರೆ ನೂರು ಬಿಟ್ಟು ಇಪ್ಪತ್ತೈದು ನೆಡಿ, ಇಪ್ಪತ್ತೈದನ್ನೂ ಉಳಿಸಿ. ದಿನಾ ಒಂದೊಂದು ಚೊಂಬು ಹೊಯ್ಯುವುದರಿಂದ ಬೇರು ಮೇಲೆಯೇ ಉಳಿಯುತ್ತದೆ. ವಾರಕ್ಕೊಮ್ಮೆ ನಿಧಾನವಾಗಿ ತುಂಬ ಕೊಟ್ಟರೆ ಬೇರು ಕೆಳಗಿಳಿಯುತ್ತದೆ. ಬುಡಕ್ಕೆ ತರಗೆಲೆ ನಾಲ್ಕು ಇಂಚು ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಪಾರ್ಕಿನಲ್ಲಿ ಗುಡಿಸಿದ ಎಲೆಗೆ ಬೆಂಕಿ ಹಾಕುವುದನ್ನು ಇಂದೇ ನಿಲ್ಲಿಸಬೇಕು, ಅದು ಗಿಡದ ಹೊದಿಕೆ.

ಜಾತಿ ಆರಿಸುವಾಗ ಜಾಗ ನೋಡಿ. ಗುಡ್ಡದ ಮುರಕಲ್ಲಿಗೆ ಪುನರ್ಪುಳಿ, ನೇರಳೆ, ರೆಂಜೆ, ಹೆಬ್ಬಲಸು, ಗೇರು. ತೋಡಿನ ಬದಿಗೆ ಹೊಂಗೆ, ಹೊಳೆದಾಸವಾಳ. ಉಪ್ಪುಗಾಳಿಗೆ ಸುರಹೊನ್ನೆ, ಹೂವರಸಿ, ಕೇದಗೆ. ಗುಲ್‌ಮೊಹರ್ ಬೇಗ ಬೆಳೆದು ಚಂದ ಕಾಣುತ್ತದೆ, ಆದರೆ ಕೊಂಬೆ ಪೆಡಸು, ಬೇರು ಮೇಲೆ. ಮೇ ಕೊನೆಯ ಗಾಳಿಮಳೆಗೆ ಮೊದಲು ಮುರಿಯುವುದು ಅದೇ. ನಡೆಯುವ ದಾರಿ, ಬೆಂಚಿನ ಮೇಲೆ ಅದು ಬೇಡ. ದೊಡ್ಡ ಮರಗಳಿಗೆ ಕೊನೆಗೆ 10 ಮೀಟರ್ ಅಂತರ ಬೇಕು. 5 ಮೀಟರಿಗೆ ನೆಟ್ಟು, ಹತ್ತು ಹನ್ನೆರಡನೇ ವರ್ಷ ನಡುವಿನವನ್ನು ತೆಗೆಯಬಹುದು. ಆದರೆ ತೆಗೆಯುತ್ತೇವೆ ಎಂದು ನೆಡುವ ದಿನವೇ ಯೋಜನೆಯಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಆ ಹೊತ್ತಿಗೆ ಯಾರಿಗೂ ಧೈರ್ಯ ಬರುವುದಿಲ್ಲ, 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಅನುಮತಿಯನ್ನೂ ಆಗ ಪಡೆಯಬೇಕಾಗುತ್ತದೆ.

ವಾಕಿಂಗ್ ಟ್ರ್ಯಾಕಿಗೆ ಇಂಟರ್‌ಲಾಕ್ ಹಾಕಿ ಎರಡೇ ಮಳೆಗಾಲ ಕಳೆಯಿತು. ಅಲ್ಲಲ್ಲಿ ಕುಸಿದಿದೆ, ಪಾಚಿ ಕಟ್ಟಿ ಜಾರುತ್ತದೆ. ಇಂಟರ್‌ಲಾಕೇ ಸರಿಯಿಲ್ಲವೋ, ಕೆಲಸವೋ?
— ಹಿರಿಯ ನಾಗರಿಕರು, ಸುರತ್ಕಲ್

ಕುಸಿದದ್ದು ಕೆಲಸದ ದೋಷ. ಜಾರುವುದು ವಿನ್ಯಾಸದ ದೋಷ.

ಕಾಲ್ನಡಿಗೆಗೆ 60 ಮಿಲಿಮೀಟರ್ ದಪ್ಪದ ಇಂಟರ್‌ಲಾಕ್ ಸಾಕು, ಕಸದ ಗಾಡಿ ಓಡುವಲ್ಲಿ 80 ಬೇಕು. ಅದರ ಕೆಳಗೆ 30ರಿಂದ 40 ಮಿಲಿಮೀಟರ್ ದಪ್ಪ ಮರಳು, ಅದರ ಕೆಳಗೆ 150 ಮಿಲಿಮೀಟರ್ ಜಲ್ಲಿಯ ತಳ, ಅದನ್ನು ಎರಡು ಪದರವಾಗಿ ಹಾಕಿ ಒಂದೊಂದನ್ನೂ ರೋಲರ್ ಹೊಡೆದು ಗಟ್ಟಿ ಮಾಡಬೇಕು. ಹಣ ಉಳಿಸುವುದು ಇಲ್ಲೇ. ಜಲ್ಲಿ ಬಿಟ್ಟು ತುಂಬಿಸಿದ ಕೆಂಪು ಮಣ್ಣಿನ ಮೇಲೆ ನೇರ ಮರಳು ಹಾಸಿ ಜೋಡಿಸುತ್ತಾರೆ. ಬೇಸಿಗೆಯಲ್ಲಿ ಅದು ಕಲ್ಲಿನ ಹಾಗೆ ಗಟ್ಟಿ, ಜೂನ್ ಹತ್ತಕ್ಕೆ ಕೆಸರು. ಎರಡೂ ಅಂಚಿಗೆ ಕಾಂಕ್ರೀಟ್ ಕಟ್ಟು ಇಲ್ಲದಿದ್ದರೆ ನೀರು ಪಕ್ಕದಿಂದ ನುಗ್ಗಿ ಮರಳನ್ನು ತೊಳೆದುಕೊಂಡು ಹೋಗುತ್ತದೆ. ಕುಸಿದ ಜಾಗದ ನಾಲ್ಕು ಕಲ್ಲು ಎಬ್ಬಿಸಿ ನೋಡಿ. ಕೆಳಗೆ ಟೊಳ್ಳಾಗಿದ್ದರೆ ಮರಳು ಹೋಗಿದೆ, ಅಂಚು ಕಟ್ಟಬೇಕು. ಕೆಸರಿದ್ದರೆ ತಳವೇ ಇಲ್ಲ, ಅಷ್ಟು ಉದ್ದ ಕಿತ್ತು ಮೊದಲಿಂದ ಮಾಡಬೇಕು. ಮೇಲೆ ಸಿಮೆಂಟ್ ಸುರಿಯುವುದರಿಂದ ಏನೂ ಆಗುವುದಿಲ್ಲ.

ಜಾರುವುದಕ್ಕೆ ಕಾರಣ ನೀರು ನಿಲ್ಲುವುದು, ಬಿಸಿಲು ಬೀಳದಿರುವುದು, ನುಣುಪು ಮೈಯ ಕಲ್ಲು. ದಾರಿ ಒಂದು ಬದಿಗೆ ಮೀಟರಿಗೆ 2 ಸೆಂಟಿಮೀಟರ್ ವಾಟ ಇರಬೇಕು. 2.4 ಮೀಟರ್ ಅಗಲದ ದಾರಿಯಾದರೆ ಒಂದು ಅಂಚಿನಿಂದ ಇನ್ನೊಂದಕ್ಕೆ ಹತ್ತಿರ ಹತ್ತಿರ 5 ಸೆಂಟಿಮೀಟರ್ ತಗ್ಗು. ತಗ್ಗಿನ ಬದಿಯಲ್ಲಿ ಹುಲ್ಲಿನ ಚರಂಡಿ. ಕೆಳಗಿನ ಕೊಂಬೆ ಸವರಿ ಬಿಸಿಲು ಬಿಡಿ. ಜೂನ್ ಮೊದಲು, ಜುಲೈ ನಡುವೆ, ಆಗಸ್ಟ್ ಕೊನೆಗೆ ಮೂರು ಸಲ ಗಟ್ಟಿ ಬ್ರಶ್‌ನಿಂದ ಉಜ್ಜಿಸಿ. ಬ್ಲೀಚಿಂಗ್ ಪೌಡರ್ ಬೇಡ, ಮಳೆಗೆ ಅದು ತೊಳೆದು ತೋಡಿಗೆ, ಅಲ್ಲಿಂದ ಬಾವಿಗೆ. ಮುಂದಿನ ಸಲ ಇಳಿಜಾರಿನ ತುಂಡುಗಳಿಗೆ ಒರಟು ಮೈಯ ಕರಿಕಲ್ಲಿನ ಚಪ್ಪಡಿ ಕೇಳಿ. ಗಾಲಿಕುರ್ಚಿಯವರಿಗೆ ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಬಾರದು, 9 ಮೀಟರಿಗೊಮ್ಮೆ ಸಮತಟ್ಟು ನಿಲುಗಡೆ ಬೇಕು.

ಕೆರೆ ಅಭಿವೃದ್ಧಿ ಅಂದರೆ ಸುತ್ತ ಕಲ್ಲಿನ ಗೋಡೆ ಕಟ್ಟಿ ಮೇಲೆ ವಾಕಿಂಗ್ ಟ್ರ್ಯಾಕ್ ಎಂದಾಗಿದೆ. ಇದು ಸರಿಯೇ?
— ವಿದ್ಯಾರ್ಥಿ, ಮಣಿಪಾಲ

ರಸ್ತೆ ಅಥವಾ ಮನೆ ದಡಕ್ಕೆ ತಾಗಿಕೊಂಡಿರುವ ಕಡೆ ಮಾತ್ರ ಗೋಡೆ ಬೇಕು. ಅಲ್ಲಿಯೂ ಗೋಡೆಯಲ್ಲಿ ಎರಡು ಮೀಟರಿಗೊಂದು ನೀರುಕಿಂಡಿ ಇರಲೇಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಹಿಂದಿನ ಮಣ್ಣು ನೀರು ಕುಡಿದು ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಉಳಿದ ದಡ 3 ಅಡಿ ದೂರಕ್ಕೆ 1 ಅಡಿ ಇಳಿಯುವ ಮಣ್ಣಿನದೇ ಇರಲಿ. ನೀರಿನ ಅಂಚಿನಲ್ಲಿ ಎರಡು ಮೂರು ಮೀಟರ್ ಅಗಲಕ್ಕೆ ಒಂದೂವರೆ ಅಡಿ ಆಳದ ಮೆಟ್ಟಿಲು ಬಿಟ್ಟರೆ ಜೊಂಡು, ಕಪ್ಪೆ, ಮೀನುಮರಿ, ನೀರುಕೋಳಿ ಎಲ್ಲಕ್ಕೂ ಜಾಗ. ಮಗು ಜಾರಿ ಬಿದ್ದರೂ ಎದ್ದು ಬರಬಹುದು. ನೇರ ಗೋಡೆಯ ಕೆರೆಗೆ ಬಿದ್ದ ನಾಯಿಗೂ ಹತ್ತಿ ಬರಲಾಗುವುದಿಲ್ಲ.

ಕೆರೆಯ ಆರೋಗ್ಯ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಮಳೆ ನಿಂತು ಎರಡು ಮೂರು ತಿಂಗಳಾದ ಮೇಲೆ, ಫೆಬ್ರವರಿ–ಮಾರ್ಚಿನಲ್ಲಿ, ಕೆರೆಗೆ ನೀರು ಬರುವ ಪ್ರತಿ ಬಾಯಿಯನ್ನೂ ಬೆಳಿಗ್ಗೆ ಏಳರಿಂದ ಒಂಬತ್ತರ ನಡುವೆ ನೋಡಿ. ಆಗಲೂ ನೀರು ಬರುತ್ತಿದ್ದರೆ ಅದು ಒರತೆ ಇರಬೇಕು ಇಲ್ಲವೇ ಮನೆಗಳ ನೀರು. ಒರತೆ ದಿನವಿಡೀ ಒಂದೇ ಸಮ, ತಂಪು, ವಾಸನೆ ಇಲ್ಲ. ಬೆಳಿಗ್ಗೆ ಜಾಸ್ತಿಯಾಗಿ ಮಧ್ಯಾಹ್ನ ಇಳಿದರೆ, ನೊರೆ ಇದ್ದರೆ, ಅದು ಸ್ನಾನದ ಮನೆ, ಅಡುಗೆ ಮನೆಯದು. ಅದರ ಜಾಡು ಹಿಡಿದು ಮೇಲಕ್ಕೆ ಹೋಗಿ ಮುಚ್ಚುವವರೆಗೆ ಹೂಳೆತ್ತುವುದಕ್ಕೆ ಹಣ ಹಾಕಬೇಡಿ. ಮಳೆನೀರು ಬರುವ ಬಾಯಿಯಲ್ಲಿ ಹೂಳು ಇಳಿಯಲು ಚಿಕ್ಕ ಹೊಂಡ ಮಾಡಿ, ಪ್ರತಿ ಏಪ್ರಿಲ್ ಖಾಲಿ ಮಾಡಿ. ಹೂಳೆತ್ತುವಾಗ ತಳದ ಜೇಡಿ ಬಂದ ಕೂಡಲೇ ಜೆಸಿಬಿ ನಿಲ್ಲಿಸಬೇಕು, ಅದನ್ನು ಕೆತ್ತಿದರೆ ಕೆರೆ ಸೋರುತ್ತದೆ. ಎತ್ತಿದ ಹೂಳನ್ನು ದಡದಲ್ಲೇ ರಾಶಿ ಹಾಕಿದರೆ ಜೂನ್ ಮೊದಲ ವಾರ ಅದು ವಾಪಸು ಕೆರೆಯೊಳಗೆ. ಗುಡ್ಡದ ಇಳಿಜಾರಿನಲ್ಲಿ ಮಳೆನೀರು ನಿಲ್ಲಿಸುವ ಹಳೆಯ ಮದಕಗಳನ್ನೂ ಈ ಪಟ್ಟಿಗೆ ಸೇರಿಸಿ. ಕೆಳಗಿನ ಬಾವಿಗಳಿಗೆ ನೀರು ಕೊಡುವವು ಅವು.

ಕಾಪು ಕಡಲತೀರದಂಥ ಜಾಗದಲ್ಲಿ ಪಾರ್ಕ್ ಮಾಡುವಾಗ ಏನು ಬೇಕು, ಏನು ಬೇಡ?
— ಓದುಗರು, ಕಾಪು

ತೀರ ಪ್ರತಿ ವರ್ಷ ಕದಲುತ್ತದೆ. ಮಳೆಗಾಲದ ತೆರೆ ಮರಳನ್ನು ಒಳಗೆ ಎಳೆಯುತ್ತದೆ, ಅಕ್ಟೋಬರಿನ ನಂತರ ನಿಧಾನವಾಗಿ ಮರಳಿ ತರುತ್ತದೆ. ಜನವರಿಯಲ್ಲಿ ನಿಂತು ವಿಶಾಲವಾದ ಮರಳು ನೋಡಿ ಅಲ್ಲೇ ಕಾಂಕ್ರೀಟ್ ಕಟ್ಟೆ, ಕಾರಂಜಿ ಗುರುತು ಹಾಕಿದರೆ ಜುಲೈಯಲ್ಲಿ ಅದರ ಬುಡ ಕೊರೆದುಹೋಗಿರುತ್ತದೆ. ಉಳ್ಳಾಲ, ಮರವಂತೆಯ ಕಡಲ್ಕೊರೆತ ಕಂಡವರಿಗೆ ಇದು ಗೊತ್ತು. ಜಾಗವನ್ನು ಜುಲೈ ಕೊನೆಯ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಭರತದಲ್ಲಿ (ಕಡಲ ಉಬ್ಬರದಲ್ಲಿ) ಅಳೆಯಿರಿ.

ಶೌಚಾಲಯ, ಪಾರ್ಕಿಂಗ್, ಅಂಗಡಿ ಎಲ್ಲ ಹಿಂದೆ, ರಸ್ತೆಯ ಕಡೆಗೆ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯ ಪ್ರಕಾರ ಗ್ರಾಮೀಣ ತೀರದಲ್ಲಿ ಭರತರೇಖೆಯಿಂದ 200 ಮೀಟರ್, ಜನದಟ್ಟಣೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚಿರುವಲ್ಲಿ 50 ಮೀಟರ್ ಕಟ್ಟಡ ನಿಷಿದ್ಧ ಪ್ರದೇಶ. ಮರಳಿನ ಮೇಲೆ ಇಡುವುದೆಲ್ಲ ಬಿಚ್ಚಿ ಒಯ್ಯುವಂಥದ್ದಾಗಿರಲಿ, ಮೇ ಕೊನೆಗೆ ಒಳಗೆ ಹೋಗಲಿ. ಮರಳದಿಬ್ಬ ಮತ್ತು ಅದರ ಮೇಲೆ ಹಬ್ಬುವ ನೇರಳೆ ಹೂವಿನ ಅಡುಂಬು ಬಳ್ಳಿಯನ್ನು "ಕ್ಲೀನ್" ಮಾಡಿಸಬೇಡಿ, ಮರಳನ್ನು ಹಿಡಿದಿಟ್ಟದ್ದೇ ಅದು. ಕಡಲಾಮೆ ಮೊಟ್ಟೆ ಇಡಲು ಬರುವ ಚಳಿಗಾಲದ ತಿಂಗಳುಗಳಲ್ಲಿ ಹೈಮಾಸ್ಟ್ ಬೆಳಕು ಕಡಲ ಕಡೆಗೆ ಬೀಳಬಾರದು. ಮರಿಗಳು ಬೆಳಕಿನ ಕಡೆಗೆ ಹೋಗಿ ಸಾಯುತ್ತವೆ.

ಮಕ್ಕಳ ಆಟದ ಸಾಮಾನು ಸಾದಾ ಕಬ್ಬಿಣದ್ದಾದರೆ ಉಪ್ಪುಗಾಳಿಗೆ ಮೊದಲು ಹೋಗುವುದು ಬೋಲ್ಟ್ ಮತ್ತು ವೆಲ್ಡಿಂಗಿನ ಸಂದು. ಬಿಸಿ ಸತುವಿನಲ್ಲಿ ಅದ್ದಿದ ಪೈಪು, 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್ ಎಂದು ಟೆಂಡರಿನಲ್ಲೇ ಬರೆಯಿಸಿ. 304 ದರ್ಜೆಯದು ಕಡಲ ಬದಿ ಬೇಗ ಕಲೆ ಹಿಡಿಯುತ್ತದೆ. ನಿಮ್ಮ ಪಕ್ಕದ ಪಡುಬಿದ್ರಿಗೆ 2020ರಲ್ಲಿ ಸ್ವಚ್ಛ, ಸುರಕ್ಷಿತ ತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಸಿಕ್ಕಿತು. ಅದಕ್ಕೆ 33 ಮಾನದಂಡ ಇವೆ. ಪ್ರಮಾಣಪತ್ರ ಬೇಡದಿದ್ದರೂ ಆ ಪಟ್ಟಿಯನ್ನು ನಿರ್ವಹಣೆಯ ಚೆಕ್‌ಲಿಸ್ಟ್ ಮಾಡಿಕೊಳ್ಳಬಹುದು.

ನಾಗಬನವನ್ನು ಪಾರ್ಕಿನ ಭಾಗವಾಗಿ ಮಾಡಬಹುದೇ?
— ಓದುಗರು, ಬ್ರಹ್ಮಾವರ

ಬೇಡ. ನಕ್ಷೆಯಲ್ಲಿ ಹಸಿರು ಎಂದು ಗುರುತಿಸಿ, ಸುತ್ತ ಕೆಲವು ಮೀಟರ್ ಜಾಗ ಬಿಡಿ, ಒಳಗೆ ದಾರಿ, ದೀಪ, ಬೆಂಚು ಏನೂ ಬೇಡ. ಬನದ ಬೀಳು, ಪೊದೆ ತೆಗೆದು ಕಾಂಕ್ರೀಟ್ ಕಟ್ಟೆ ಕಟ್ಟುವುದನ್ನೂ ಆ ಬನಕ್ಕೆ ಸೇರಿದ ಕುಟುಂಬದವರೊಂದಿಗೆ ಮಾತಾಡಿ ತಡೆದರೆ ಒಳ್ಳೆಯದು. ಸುತ್ತಲಿನ ಪಾರ್ಕುಗಳಿಗೆ ಹಕ್ಕಿಗಳು ಬೀಜ ತರುವುದು ಅಲ್ಲಿಂದಲೇ.

ಪಾರ್ಕ್ ಉದ್ಘಾಟನೆ ಆಗುತ್ತದೆ, ಎರಡು ವರ್ಷಕ್ಕೆ ಹಾಳು ಬೀಳುತ್ತದೆ. ಇದಕ್ಕೆ ಹಣದ ವ್ಯವಸ್ಥೆ ಹೇಗೆ?
— ಅಪಾರ್ಟ್‌ಮೆಂಟ್ ಸಂಘದವರು, ಬಿಜೈ

ಕಟ್ಟುವುದಕ್ಕೆ ಅನುದಾನ ಸಿಗುತ್ತದೆ, ನೋಡಿಕೊಳ್ಳುವುದಕ್ಕೆ ಸಿಗುವುದಿಲ್ಲ. ದೀರ್ಘ ಯೋಜನೆಯ ಅತಿ ಮುಖ್ಯ ಹಾಳೆ ನಿರ್ವಹಣೆಯದು, ಅದನ್ನು ರೂಪಾಯಿಗಿಂತ ಮೊದಲು ಆಳುದಿನದಲ್ಲಿ ಬರೆಯಬೇಕು.

ಐದು ಎಕರೆಯ ಒಂದು ಪಾರ್ಕ್ ಹಿಡಿಯೋಣ, ಅದರಲ್ಲಿ ಎರಡು ಎಕರೆ ಹುಲ್ಲು. ಜೂನ್‌ನಿಂದ ನವೆಂಬರಿನವರೆಗೆ 15 ದಿನಕ್ಕೊಮ್ಮೆ ಕತ್ತರಿಸಿದರೆ 12 ಸಲ. ಮೆಷಿನ್ ಹಿಡಿದ ಒಬ್ಬ ದಿನಕ್ಕೆ ಅರ್ಧ ಎಕರೆ ಮಾಡಿದರೆ ಒಂದು ಸುತ್ತಿಗೆ 4 ಆಳುದಿನ, ಒಟ್ಟು 48. ಹುಲ್ಲನ್ನು ಅರ್ಧ ಎಕರೆಗೆ ಇಳಿಸಿ ಉಳಿದದ್ದಕ್ಕೆ ಮರ ನೆಟ್ಟರೆ ಇದೇ 48 ಎಂಬುದು 12 ಆಗುತ್ತದೆ. ವಿನ್ಯಾಸದ ಚಿತ್ರ ನೋಡುವಾಗಲೇ ಹೀಗೆ ಲೆಕ್ಕ ಹಾಕಿ. ಚರಂಡಿ ಬಿಡಿಸುವುದು, ಸಸಿಗೆ ನೀರು, ಶೌಚಾಲಯ, ತಿಂಗಳಿಗೊಮ್ಮೆ ಆಟದ ಸಾಮಾನಿನ ಬೋಲ್ಟ್ ತಪಾಸಣೆ, ಒಂದೊಂದಕ್ಕೂ ಆಳುದಿನ ಬರೆದು ಕೂಡಿಸಿ. ಒಟ್ಟು ಕಂಡ ಮೇಲೆ ಕಾರಂಜಿ ಬೇಕೋ ಬೇಡವೋ ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಕಾರಂಜಿ ನಿಲ್ಲುವುದು ಹೆಚ್ಚಾಗಿ ಪಂಪ್ ಕೆಟ್ಟು. ಪಂಪ್ ಕೆಡುವುದು ನೀರಿನ ಜರಡಿಯನ್ನು ಯಾರೂ ತೊಳೆಯದೆ.

ಕಟ್ಟುವ ಟೆಂಡರಿನಲ್ಲೇ ಮೂರು ವರ್ಷದ ನಿರ್ವಹಣೆ ಸೇರಿರಲಿ, ಹಣದ ಒಂದು ಪಾಲು ಪ್ರತಿ ಮೇ ತಿಂಗಳಲ್ಲಿ ಜೀವಂತ ಗಿಡ ಎಣಿಸಿದ ಮೇಲೆ ಬಿಡುಗಡೆಯಾಗಲಿ. ಎಣಿಸುವಾಗ ನಿಮ್ಮ ಸಂಘದವರೂ ಇರಿ. ನಾಲ್ಕನೇ ವರ್ಷದಿಂದ ಸ್ಥಳೀಯ ಸಂಸ್ಥೆಯ ಬಜೆಟ್‌ನಲ್ಲಿ ಆ ಪಾರ್ಕಿನ ಹೆಸರಿನಲ್ಲೇ ಸಾಲು ಬೇಕು. "ಪಾರ್ಕುಗಳ ನಿರ್ವಹಣೆ" ಎಂದು ಒಟ್ಟಾಗಿ ಇಟ್ಟ ಹಣ ದೊಡ್ಡ ಪಾರ್ಕಿಗೇ ಹೋಗುತ್ತದೆ. ವಾರ್ಡಿನ ಚಿಕ್ಕ ಪಾರ್ಕಿಗೆ ಟಿಕೆಟ್ ಇಡುವುದು ನಮ್ಮ ಮಟ್ಟಿಗೆ ತಪ್ಪು. ದಿನಾ ಬರಬೇಕಾದವರೇ ಬರುವುದು ಬಿಡುತ್ತಾರೆ, ಜನ ಬಾರದ ಪಾರ್ಕ್ ಬೇಗ ಕೆಡುತ್ತದೆ.

ಮಾಸ್ಟರ್ ಪ್ಲಾನಿನ ಕರಡು ಬಂದಾಗ ನಮ್ಮಂಥವರು ಆಕ್ಷೇಪಣೆ ಸಲ್ಲಿಸುವುದು ಹೇಗೆ? ಅದನ್ನು ಯಾರಾದರೂ ಓದುತ್ತಾರಾ?
— ಓದುಗರು, ಮೂಲ್ಕಿ

ಓದುವಂತೆ ಬರೆದರೆ ಓದುತ್ತಾರೆ. ಕರಡು ಪ್ರಕಟವಾದ ಮೇಲೆ ಸಲಹೆ, ಆಕ್ಷೇಪಣೆಗೆ 60 ದಿನ ಇರುತ್ತದೆ. ಆಗ ಶುರು ಮಾಡಿದರೆ ದಾಖಲೆ ಸೇರಿಸಲು ಸಮಯ ಸಾಲುವುದಿಲ್ಲ, ಹೆಜಮಾಡಿಯವರಿಗೆ ಹೇಳಿದ ರಿಜಿಸ್ಟರನ್ನು ಈಗಲೇ ಮಾಡಿಟ್ಟುಕೊಳ್ಳಿ. "ನಮ್ಮೂರಿಗೆ ಹಸಿರು ಬೇಕು" ಎಂದು ಮುನ್ನೂರು ಸಹಿ ಹಾಕಿದ ಒಂದು ಅರ್ಜಿಯನ್ನು ಒಂದೇ ಆಕ್ಷೇಪಣೆ ಎಂದು ಎಣಿಸಿ ಪಕ್ಕಕ್ಕಿಡುವುದು ಸುಲಭ. ಒಂದು ಪತ್ರಕ್ಕೆ ಒಂದೇ ಜಾಗ, ಒಂದೇ ಬೇಡಿಕೆ. ಗ್ರಾಮದ ಹೆಸರು, ಸರ್ವೆ ನಂಬರ್, ಕರಡಿನ ಯಾವ ಹಾಳೆಯಲ್ಲಿ ಅದಕ್ಕೆ ಯಾವ ಬಣ್ಣ ಇದೆ, ನೆಲದ ಮೇಲೆ ಏನಿದೆ, ಏನು ಬದಲಾಗಬೇಕು. ಜೊತೆಗೆ ಎಫ್‌ಎಂಬಿ ಪ್ರತಿ, ಜುಲೈಯ ದಿನಾಂಕ ಇರುವ ಎರಡು ಫೋಟೋ. ತೋಡಿನ ಮೇಲೆ ವಸತಿ ಬಣ್ಣ ಬಿದ್ದಿದೆಯೇ ಎಂಬುದನ್ನು ಮೊದಲು ನೋಡಿ, ಇಂಥ ತಪ್ಪು ನಕ್ಷೆ ತಯಾರಿಸುವಾಗ ಆಗುವುದುಂಟು, ದಾಖಲೆ ಇದ್ದರೆ ತಿದ್ದುವುದೂ ಸುಲಭ. ಕೈಯಲ್ಲೇ ಕೊಟ್ಟು ಎರಡನೇ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ತೀರ್ಮಾನ ಏನಾಯಿತೆಂದು ಆರು ತಿಂಗಳ ನಂತರ ಮಾಹಿತಿ ಹಕ್ಕಿನಲ್ಲಿ ಕೇಳುವಾಗ ಆ ಸೀಲಿನ ಪ್ರತಿಯನ್ನೇ ಲಗತ್ತಿಸಬೇಕಾಗುತ್ತದೆ.